ಮನೆಯಿಂದ ಕೆಲಸ ಮಾಡುವವರ ಖಾತೆಯಿಂದ ಕಂಪನಿ ಡೇಟಾ ಸೋರುತ್ತಿದೆಯಾ? ಪತ್ತೆ ಹಚ್ಚುವ ಕ್ರಮ

ದೂರು ಸಾಮಾನ್ಯವಾಗಿ ಹೀಗೆ ಬರುತ್ತದೆ. ಗ್ರಾಹಕರೊಬ್ಬರು ಫೋನ್ ಮಾಡಿ, "ನಿಮ್ಮ ಅಕೌಂಟ್ಸ್‌ನವರು ಬ್ಯಾಂಕ್ ಖಾತೆ ಬದಲಾಗಿದೆ ಅಂತ ಮೇಲ್ ಕಳಿಸಿದ್ದಾರೆ, ಹೊಸ ನಂಬರಿಗೇ ದುಡ್ಡು ಹಾಕಬೇಕಾ?" ಅಂತ ಕೇಳುತ್ತಾರೆ. ಅಕೌಂಟ್ಸ್‌ನವರು ಮನೆಯಿಂದ ಕೆಲಸ ಮಾಡುತ್ತಿದ್ದಾರೆ, ಅಂಥ ಮೇಲ್ ಕಳಿಸಿಯೇ ಇಲ್ಲ. ಇಲ್ಲವೇ ನಾಲ್ಕೇ ಜನರ ಬಳಿ ಇದ್ದ ದರಪಟ್ಟಿ ಹೊರಗಿನವರ ಕೈ ಸೇರಿರುತ್ತದೆ. ಇಲ್ಲವೇ ಸಿಬ್ಬಂದಿಯೊಬ್ಬರ ಮೊಬೈಲಿಗೆ ನಡುರಾತ್ರಿ "ಲಾಗಿನ್ ಒಪ್ಪುತ್ತೀರಾ?" ಎನ್ನುವ ನೋಟಿಫಿಕೇಶನ್ ಒಂದರ ಹಿಂದೊಂದು ಬರುತ್ತಿರುತ್ತದೆ.

ತಕ್ಷಣ ಎಲ್ಲರೂ ಬೆರಳು ತೋರಿಸುವುದು ಮನೆಯ ವೈಫೈ ಕಡೆಗೆ. ನಾನು ವೈಫೈಯನ್ನು ಕೊನೆಗೆ ನೋಡುತ್ತೇನೆ. ಮೇಲ್, ಡ್ರೈವ್ ಎಲ್ಲವೂ ಈಗ ಎಚ್‌ಟಿಟಿಪಿಎಸ್ ಮೇಲೆ, ಅಂದರೆ ಗೂಢಲಿಪಿಯಲ್ಲಿ ಓಡುತ್ತವೆ. ಪಕ್ಕದ ಮನೆಯವರು ನಿಮ್ಮ ವೈಫೈ ಸೇರಿಕೊಂಡರೂ ಮೇಲ್‌ನಲ್ಲಿ ಏನಿದೆ ಅಂತ ಓದುವುದು ಸುಲಭವಿಲ್ಲ. ಸೋರಿಕೆ ಜಾಸ್ತಿ ಆಗುವುದು ಎರಡು ರೀತಿಯಲ್ಲಿ. ಯಾರೋ ಅಸಲಿ ಪಾಸ್‌ವರ್ಡ್ ಅಥವಾ ಕುಕಿ (ಲಾಗಿನ್ ಆಗಿದೆ ಅಂತ ಬ್ರೌಸರ್‌ನಲ್ಲಿ ಉಳಿಯುವ ಗುರುತು) ಹಿಡಿದುಕೊಂಡು ಮುಂಬಾಗಿಲಿನಿಂದಲೇ ಒಳಗೆ ಬಂದಿರುತ್ತಾರೆ. ಇಲ್ಲವೇ ನಮ್ಮವರೇ ಕೆಲಸ ಮುಗಿಸುವ ಅವಸರದಲ್ಲಿ ಫೈಲನ್ನು ಹೊರಗೆ ಒಯ್ದಿರುತ್ತಾರೆ. ಹುಡುಕುವ ಕ್ರಮವೂ ಇದೇ ಲೆಕ್ಕದಲ್ಲಿ ಇರಲಿ: ಮೊದಲು ಖಾತೆ, ಆಮೇಲೆ ಬ್ರೌಸರ್ ಮತ್ತು ಲ್ಯಾಪ್‌ಟಾಪ್, ಆಮೇಲೆ ಫೈಲ್ ಓಡಾಡಿದ ದಾರಿ, ಕೊನೆಗೆ ರೂಟರ್.

ಏನೂ ಮುಟ್ಟುವ ಮುಂಚೆ

ಅನುಮಾನ ಬಂದ ಕೂಡಲೇ ಲ್ಯಾಪ್‌ಟಾಪ್ ತರಿಸಿ ಫಾರ್ಮ್ಯಾಟ್ ಮಾಡಿಬಿಡುವವರಿದ್ದಾರೆ. ದಯವಿಟ್ಟು ಬೇಡ. ಹೇಗೆ ಸೋರಿತು ಅನ್ನುವ ಸುಳಿವು ಅದರ ಜೊತೆಗೇ ಅಳಿಸಿಹೋಗುತ್ತದೆ. ಫೈಲುಗಳು ಕಣ್ಣೆದುರೇ ಲಾಕ್ ಆಗುತ್ತಿದ್ದರೆ ವೈಫೈ ಆಫ್ ಮಾಡಿ, ಕೇಬಲ್ ಕಿತ್ತುಹಾಕಿ, ಆದರೆ ಯಂತ್ರ ಆನ್ ಆಗಿಯೇ ಇರಲಿ. ಮೆಮೊರಿಯಲ್ಲಿ ಇರುವ ಸುಳಿವು ಆಫ್ ಮಾಡಿದರೆ ಹೋಗುತ್ತದೆ.

ಲಾಗ್‌ಗಳನ್ನು (ಯಾರು, ಯಾವಾಗ, ಏನು ಮಾಡಿದರು ಅನ್ನುವ ದಾಖಲೆ) ಮೊದಲು ಡೌನ್‌ಲೋಡ್ ಮಾಡಿಕೊಳ್ಳಿ. ಅವುಗಳ ಆಯಸ್ಸು ಕಡಿಮೆ. ಕಂಪನಿ ಖಾತೆಗಳ ಲಾಗಿನ್ ನೋಡಿಕೊಳ್ಳುವ ಮೈಕ್ರೋಸಾಫ್ಟ್ ಎಂಟ್ರಾದ ಉಚಿತ ಆವೃತ್ತಿಯಲ್ಲಿ ಸೈನ್-ಇನ್ ಲಾಗ್ 7 ದಿನ ಮಾತ್ರ ಉಳಿಯುತ್ತದೆ. ಪಿ1 ಅಥವಾ ಪಿ2 ಲೈಸೆನ್ಸ್ ಇದ್ದರೆ 30 ದಿನ. ಮೈಕ್ರೋಸಾಫ್ಟ್ 365ರ ಆಡಿಟ್ ಲಾಗ್ ಸಾಮಾನ್ಯ ಲೈಸೆನ್ಸ್‌ನಲ್ಲಿ 180 ದಿನ. ಗೂಗಲ್ ವರ್ಕ್‌ಸ್ಪೇಸ್‌ನ ಲಾಗಿನ್ ಲಾಗ್ 6 ತಿಂಗಳು. "ಮುಂದಿನ ವಾರ ನೋಡೋಣ" ಅಂತ ಬಿಟ್ಟರೆ ನೋಡಲು ಏನೂ ಇರುವುದಿಲ್ಲ.

ಇನ್ನೊಂದು ವಿಷಯ. ಆ ಸಿಬ್ಬಂದಿಗೆ ಸುದ್ದಿ ಮುಟ್ಟಿಸುವಾಗ ಅದೇ ಮೇಲ್ ಅಥವಾ ಅದೇ ಖಾತೆಯ ಚಾಟ್ ಬಳಸಬೇಡಿ. ಒಳಗಿರುವವನು ಅದನ್ನೂ ಓದುತ್ತಾನೆ. ಫೋನ್ ಮಾಡಿ. ಗದರಿಸಬೇಡಿ. ಹೆದರಿದವರು ಅರ್ಧ ವಿಷಯ ಮುಚ್ಚಿಡುತ್ತಾರೆ, ನಿಮಗೆ ಬೇಕಾಗಿರುವುದು ಆ ಅರ್ಧವೇ. ದುಡ್ಡು ಆಗಲೇ ಹೋಗಿದೆ ಅಂದರೆ ಮಾತ್ರ ಈ ಕ್ರಮ ಬದಲಾಗುತ್ತದೆ. ಮೊದಲು ಬ್ಯಾಂಕಿಗೆ ಫೋನ್, ಆಮೇಲೆ ಲಾಗ್.

ಮೇಲ್ ನಿಜವಾಗಿ ನಿಮ್ಮ ಖಾತೆಯಿಂದಲೇ ಹೋಯಿತಾ?

ಗ್ರಾಹಕರಿಗೆ ಬಂದ ಮೇಲನ್ನು ಫಾರ್ವರ್ಡ್ ಮಾಡಿಸಿಕೊಳ್ಳಬೇಡಿ. ಫಾರ್ವರ್ಡ್ ಮಾಡಿದರೆ ಅಸಲಿ ಹೆಡರ್ (ಮೇಲ್ ಬಂದ ದಾರಿಯ ವಿವರ) ಉಳಿಯುವುದಿಲ್ಲ. ಅಟ್ಯಾಚ್‌ಮೆಂಟ್ ಆಗಿ ಕಳಿಸಲು ಹೇಳಿ. ಆಮೇಲೆ ಕಳಿಸಿದವರ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ. ಎಲ್ ಅಕ್ಷರ ಇರುವಲ್ಲಿ ಅಂಕಿ 1, ಎಂ ಇರುವಲ್ಲಿ ಆರ್ ಮತ್ತು ಎನ್ ಒತ್ತೊತ್ತಾಗಿ: ಇವು ಹಳೇ ಆಟಗಳು, ಇವತ್ತಿಗೂ ನಡೆಯುತ್ತವೆ. ಹೆಡರ್‌ನಲ್ಲಿ ಕಳಿಸಿದವರು ಅಸಲಿಯಾ ಅಂತ ಪರೀಕ್ಷಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್‌ಗಳ ಫಲಿತಾಂಶ ಏನಿದೆ ನೋಡಿ. ಜೊತೆಗೆ ನಿಮ್ಮ ಅಡ್ಮಿನ್ ಪುಟದಲ್ಲಿ ಮೆಸೇಜ್ ಟ್ರೇಸ್ ಮಾಡಿ. ನಿಮ್ಮ ಸರ್ವರ್‌ನಿಂದ ಹೋಗಿದ್ದರೆ ಅಲ್ಲಿ ಸಿಗುತ್ತದೆ. ಸೆಂಟ್ ಫೋಲ್ಡರ್ ಒಂದನ್ನೇ ನಂಬಬೇಡಿ, ಅದನ್ನು ಅಳಿಸುವುದು ಒಂದು ಕ್ಲಿಕ್‌ನ ಕೆಲಸ.

ಟ್ರೇಸ್‌ನಲ್ಲಿ ಇಲ್ಲ, ವಿಳಾಸ ನಕಲಿ, ಆದರೆ ಮೇಲ್‌ನ ಕೆಳಗೆ ನಿಮ್ಮ ಹಳೇ ಮಾತುಕತೆ ಪೂರ್ತಿ ಇದೆ ಅಂದರೆ ಯಾರೋ ಆ ಮಾತುಕತೆ ಓದಿದ್ದಾರೆ. ಓದಿದ್ದು ನಿಮ್ಮ ಕಡೆ ಇರಬಹುದು, ಗ್ರಾಹಕರ ಕಡೆಯೂ ಇರಬಹುದು. ಸಿಸಿಯಲ್ಲಿದ್ದ ಪ್ರತಿಯೊಬ್ಬರೂ ಲೆಕ್ಕಕ್ಕೆ ಬರುತ್ತಾರೆ. ಇದನ್ನು ಗ್ರಾಹಕರಿಗೆ ಹೇಳುವುದು ಮುಜುಗರದ ಕೆಲಸ ನಿಜ, ಆದರೆ ಎರಡೂ ಕಡೆ ಹುಡುಕದೆ ಬೇರೆ ದಾರಿ ಇಲ್ಲ.

ಸೈನ್-ಇನ್ ಲಾಗ್ ಓದುವುದು

ಅರ್ಧಕ್ಕಿಂತ ಜಾಸ್ತಿ ಉತ್ತರ ಇಲ್ಲೇ ಸಿಗುತ್ತದೆ, ಆದ್ದರಿಂದ ಇಲ್ಲಿ ನಿಧಾನ ಮಾಡಿ. ಮೊದಲು ಸಮಯ. ಡೌನ್‌ಲೋಡ್ ಮಾಡಿದ ಲಾಗ್ ಬಹಳಷ್ಟು ಸಲ ಯುಟಿಸಿ ಎನ್ನುವ ಜಾಗತಿಕ ಸಮಯದಲ್ಲಿ ಇರುತ್ತದೆ. ನಿಮ್ಮ ಗಡಿಯಾರಕ್ಕೆ ಹೊಂದಿಸದೆ ಓದಿದರೆ ಸಿಬ್ಬಂದಿಯ ಬೆಳಗಿನ ಲಾಗಿನ್ ಕೂಡ ನಡುರಾತ್ರಿಯ ಕಳ್ಳತನದ ತರ ಕಾಣುತ್ತದೆ.

ಹೊಂದಿಸಿದ ಮೇಲೆ ಸಾಲುಗಳು ಸುಮಾರು ಹೀಗಿರುತ್ತವೆ ಅಂತ ಇಟ್ಟುಕೊಳ್ಳಿ (ಐಪಿ ಅಂದರೆ ಇಂಟರ್ನೆಟ್‌ನಲ್ಲಿ ಆ ಸಂಪರ್ಕದ ವಿಳಾಸ, ಟೋಕನ್ ಅಂದರೆ ಲಾಗಿನ್ ಆದ ಮೇಲೆ ಸಿಗುವ ಡಿಜಿಟಲ್ ಪಾಸ್):

9:12 – ಮನೆಯ ಐಪಿ – ವಿಂಡೋಸ್, ಕ್ರೋಮ್ – ಯಶಸ್ವಿ – ಪಾಸ್‌ವರ್ಡ್, ಮೊಬೈಲ್ ಒಪ್ಪಿಗೆ
11:47 – ಡೇಟಾ ಸೆಂಟರ್ ಐಪಿ – ವಿಂಡೋಸ್, ಕ್ರೋಮ್ – ಯಶಸ್ವಿ – ಪಾಸ್‌ವರ್ಡ್, ಮೊಬೈಲ್ ಒಪ್ಪಿಗೆ
11:53 – ಇನ್ನೊಂದು ಐಪಿ – ಲಿನಕ್ಸ್ – ಯಶಸ್ವಿ – ಟೋಕನ್‌ನಲ್ಲೇ ಒಪ್ಪಿಗೆ ಇತ್ತು

11:47ರ ಸಾಲು ನೋಡಿ. ಪಾಸ್‌ವರ್ಡೂ ಸರಿ, ಮೊಬೈಲ್ ಒಪ್ಪಿಗೆಯೂ ಸರಿ, ಆದರೆ ಐಪಿ ಮನೆಯದಲ್ಲ. ಇದು ನಡುವೆ ಕೂತು ನಡೆಸುವ ಫಿಶಿಂಗ್‌ನ ಗುರುತು. ಸಿಬ್ಬಂದಿ ಲಿಂಕ್ ಒತ್ತಿ ನಕಲಿ ಪುಟದಲ್ಲಿ ಲಾಗಿನ್ ಆಗಿದ್ದಾರೆ. ಆ ಪುಟ ಟೈಪ್ ಮಾಡಿದ್ದೆಲ್ಲವನ್ನೂ ಅಸಲಿ ಪುಟಕ್ಕೆ ದಾಟಿಸಿ, ವಾಪಸ್ ಬಂದ ಸೆಷನ್ ಕುಕಿಯನ್ನು ತಾನು ಇಟ್ಟುಕೊಂಡಿದೆ. ಒಟಿಪಿ ಇದ್ದರೂ ಇದು ನಿಲ್ಲುವುದಿಲ್ಲ. ಆರು ನಿಮಿಷದ ನಂತರದ ಸಾಲಿನಲ್ಲಿ ಅದೇ ಕುಕಿ ಬೇರೆ ಯಂತ್ರದಿಂದ ಬಳಕೆಯಾಗಿದೆ. ಎರಡನೇ ಹಂತದ, ಅಂದರೆ ಮೊಬೈಲ್ ಒಪ್ಪಿಗೆಯ ಪ್ರಶ್ನೆ ಮತ್ತೆ ಕೇಳಿಲ್ಲ, ಟೋಕನ್‌ನಲ್ಲೇ ಉತ್ತರ ಇತ್ತು. ಸಿಬ್ಬಂದಿಯನ್ನು ಕೇಳುವ ಪ್ರಶ್ನೆ ಒಂದೇ: "ಹನ್ನೊಂದೂಮುಕ್ಕಾಲರ ಹೊತ್ತಿಗೆ ಯಾವುದಾದರೂ ಡಾಕ್ಯುಮೆಂಟ್ ನೋಡಲು ಮತ್ತೆ ಲಾಗಿನ್ ಕೇಳಿತಾ?"

ಮಧ್ಯದ ಸಾಲೇ ಇಲ್ಲ, ಮನೆಯ ಲಾಗಿನ್ ಆದ ಮೇಲೆ ನೇರ ಮೂರನೇ ಸಾಲಿನಂಥದ್ದು ಬಂದಿದೆ ಅಂದರೆ ಕಥೆ ಬೇರೆ. ಕುಕಿಯನ್ನು ಲ್ಯಾಪ್‌ಟಾಪ್‌ನಿಂದಲೇ ಕದ್ದಿದ್ದಾರೆ, ಒಳಗೆ ಮಾಲ್‌ವೇರ್ ಇದೆ ಅಂತ ಅನುಮಾನಿಸಿ. ಆಗ ಪಾಸ್‌ವರ್ಡ್ ಬದಲಿಸಿ ಅದೇ ಯಂತ್ರದಿಂದ ಮತ್ತೆ ಲಾಗಿನ್ ಆದರೆ ಹೊಸ ಕುಕಿಯೂ ಹೋಗುತ್ತದೆ. ಎಂಟ್ರಾದಲ್ಲಿ ಇಂಟರಾಕ್ಟಿವ್ ಮತ್ತು ನಾನ್-ಇಂಟರಾಕ್ಟಿವ್ ಅಂತ ಎರಡು ಟ್ಯಾಬ್ ಇವೆ. ಟೋಕನ್ ಬಳಕೆ ಎರಡನೆಯದರಲ್ಲಿ ಬೀಳುತ್ತದೆ. ಮೊದಲನೆಯದನ್ನು ಮಾತ್ರ ನೋಡಿ "ಏನೂ ಇಲ್ಲ" ಅಂತ ದೂರು ಮುಗಿಸುವವರು ಬಹಳ ಜನ.

ಸುಳ್ಳು ಎಚ್ಚರಿಕೆಗಳೂ ಇರುತ್ತವೆ. ಮೊಬೈಲ್ ಡೇಟಾದ ಐಪಿ ಬೇರೆ ಊರಿನದು ಅಂತ ತೋರಿಸುವುದು ಮಾಮೂಲು. ವಿಪಿಎನ್ (ಬೇರೊಂದು ಸರ್ವರ್ ಮೂಲಕ ಹೋಗುವ ಸುರಕ್ಷಿತ ದಾರಿ) ಆನ್ ಆದರೆ ಒಂದೇ ನಿಮಿಷದಲ್ಲಿ ಇನ್ನೊಂದು ದೇಶಕ್ಕೆ ಹಾರಿದ ಹಾಗೆ ಕಾಣುತ್ತದೆ. ಊರಿನ ಹೆಸರಿಗಿಂತ ಐಪಿ ಯಾರದು ಅನ್ನುವುದನ್ನು ಜಾಸ್ತಿ ನಂಬಿ. ಮೊಬೈಲ್ ಕಂಪನಿಯದಾ, ಮನೆಗೆ ಇಂಟರ್ನೆಟ್ ಕೊಡುವವರದಾ, ಬಾಡಿಗೆ ಸರ್ವರ್ ಕೊಡುವ ಡೇಟಾ ಸೆಂಟರ್‌ನವರದಾ? ಮನೆಯಲ್ಲಿ ಕೂತು ಕೆಲಸ ಮಾಡುವವರು, ವಿಪಿಎನ್ ಇಲ್ಲದಿದ್ದರೆ, ಬಾಡಿಗೆ ಸರ್ವರ್‌ನಿಂದ ಬರುವ ಕಾರಣವೇ ಇಲ್ಲ.

ಕೇಳದೇ ಬರುವ ಒಪ್ಪಿಗೆ ನೋಟಿಫಿಕೇಶನ್ ಬಗ್ಗೆ ಒಂದು ಮಾತು. ಅದು ಬಂತು ಅಂದರೆ ಸಾಮಾನ್ಯವಾಗಿ ಪಾಸ್‌ವರ್ಡ್ ಆಗಲೇ ಬೇರೆಯವರ ಬಳಿ ಇದೆ ಅಂತ ಅರ್ಥ. ಪಾಸ್‌ವರ್ಡ್ ಇಲ್ಲದೆ ಫೋನ್‌ನಲ್ಲೇ ಲಾಗಿನ್ ಆಗುವ ವ್ಯವಸ್ಥೆ ಇದ್ದರೆ ಮಾತ್ರ ಬರೀ ಮೇಲ್ ಐಡಿ ಗೊತ್ತಿದ್ದವರೂ ಅದನ್ನು ಕಳಿಸಬಹುದು. 2022ರ ಸೆಪ್ಟೆಂಬರ್‌ನಲ್ಲಿ ಊಬರ್‌ನ ಒಳಗೆ ನುಗ್ಗಿದ್ದು ಇದೇ ದಾರಿಯಲ್ಲಿ. ಗುತ್ತಿಗೆ ಕೆಲಸಗಾರರೊಬ್ಬರಿಗೆ ಮೇಲಿಂದ ಮೇಲೆ ಕೋರಿಕೆ ಬಂತು, ಕೊನೆಗೆ ಒಂದನ್ನು ಅವರು ಒಪ್ಪಿಬಿಟ್ಟರು. ಮೈಕ್ರೋಸಾಫ್ಟ್ 2023ರ ಮೇ ತಿಂಗಳಿಂದ ತನ್ನ ಆಥೆಂಟಿಕೇಟರ್ ಆ್ಯಪ್‌ನಲ್ಲಿ ಪರದೆಯ ಮೇಲಿನ ಸಂಖ್ಯೆಯನ್ನು ಟೈಪ್ ಮಾಡುವುದನ್ನು ಕಡ್ಡಾಯ ಮಾಡಿತು. ನಿಮ್ಮಲ್ಲಿ ಇನ್ನೂ ಬರೀ "ಒಪ್ಪುತ್ತೇನೆ" ಬಟನ್ ಇದ್ದರೆ ಇವತ್ತೇ ಬದಲಿಸಿ.

ಮೇಲ್‌ಬಾಕ್ಸ್ ಒಳಗೆ ಬಿಟ್ಟುಹೋದ ಬಲೆ

ಒಳಗೆ ಬಂದವನು ಮಾಡುವ ಮೊದಲ ಕೆಲಸಗಳಲ್ಲಿ ಒಂದು ರೂಲ್, ಅಂದರೆ ಬಂದ ಮೇಲನ್ನು ತಾನಾಗೇ ಸರಿಸುವ ನಿಯಮ ಬರೆಯುವುದು. ರೂಲ್‌ಗಳ ಪಟ್ಟಿ ತೆರೆದು ನೋಡಿ. ಹೆಸರು ಬರೀ ಒಂದು ಚುಕ್ಕೆ ಇರಬಹುದು. ಸುಮ್ನೆ ನೋಡಿದರೆ ಪರದೆಯ ಮೇಲಿನ ಧೂಳು ಅನ್ನಿಸುತ್ತದೆ. ಅದನ್ನು ಒತ್ತಿದರೆ ಒಳಗೆ ಹೀಗಿರುತ್ತದೆ: ಮೇಲ್‌ನಲ್ಲಿ ಇನ್‌ವಾಯ್ಸ್ ಅಥವಾ ಪೇಮೆಂಟ್ ಅನ್ನುವ ಪದ ಇದ್ದರೆ, ಓದಿದೆ ಅಂತ ಗುರುತು ಹಾಕಿ, ಆರ್‌ಎಸ್‌ಎಸ್ ಫೀಡ್ಸ್ ಫೋಲ್ಡರಿಗೆ ಸರಿಸು. ಆ ಫೋಲ್ಡರನ್ನು ಯಾರೂ ತೆರೆಯುವುದಿಲ್ಲ. ಗ್ರಾಹಕರು "ನಿಜವಾ?" ಅಂತ ಕೇಳಿ ಬರೆದ ಉತ್ತರ ಅಲ್ಲಿ ಹೋಗಿ ಬೀಳುತ್ತದೆ, ನಿಮ್ಮ ಸಿಬ್ಬಂದಿಗೆ ಕಾಣುವುದೇ ಇಲ್ಲ.

ರೂಲ್ ಬೇರೆ, ಇಡೀ ಮೇಲ್‌ಬಾಕ್ಸಿನ ಫಾರ್ವರ್ಡಿಂಗ್ ಬೇರೆ. ಎರಡನೆಯದು ಅಡ್ಮಿನ್ ಪುಟದಲ್ಲಿ ಇನ್ನೊಂದು ಕಡೆ ಇರುತ್ತದೆ. ಜಿಮೇಲ್‌ನಲ್ಲಿ ಫಿಲ್ಟರ್, ಫಾರ್ವರ್ಡಿಂಗ್, ಖಾತೆಯನ್ನು ಬೇರೆಯವರಿಗೆ ಒಪ್ಪಿಸುವ ಡೆಲಿಗೇಶನ್, ಮೂರನ್ನೂ ನೋಡಿ. ಯಾರೂ ಕೇಳದ ಆ್ಯಪ್‌ಗೆ ಮೇಲ್ ಓದುವ ಅನುಮತಿ ಕೊಟ್ಟಿದೆಯಾ ಅನ್ನುವುದನ್ನೂ ನೋಡಿ. ಎರಡನೇ ಹಂತಕ್ಕೆ ಅಂತ ನೋಂದಾಯಿಸಿದ ಫೋನ್‌ಗಳ ಪಟ್ಟಿಯನ್ನು ಸಿಬ್ಬಂದಿಗೆ ಓದಿ ಹೇಳಿ. ಅಲ್ಲಿ ಅವರದಲ್ಲದ ಇನ್ನೊಂದು ಫೋನ್ ಇದ್ದರೆ ನೀವು ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಅವನು ವಾಪಸ್ ಬರುತ್ತಾನೆ.

ಹೊರಹಾಕುವಾಗ ಕ್ರಮ ಮುಖ್ಯ. ಎಲ್ಲವನ್ನೂ ಬೇರೊಂದು ಶುದ್ಧ ಯಂತ್ರದಿಂದ ಮಾಡಿ. ಪಾಸ್‌ವರ್ಡ್ ಬದಲಿಸಿ, ಕೂಡಲೇ ಅಡ್ಮಿನ್ ಪುಟದಿಂದ ಎಲ್ಲ ಸೆಷನ್ ರದ್ದು ಮಾಡಿ, ಅಪರಿಚಿತ ಫೋನ್ ತೆಗೆಯಿರಿ, ಆಮೇಲೆ ಆ್ಯಪ್ ಅನುಮತಿ, ರೂಲ್, ಫಾರ್ವರ್ಡಿಂಗ್. ರೂಲ್ ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ಇರಲಿ. ಪಾಸ್‌ವರ್ಡ್ ಬದಲಾದರೆ ಎಲ್ಲ ಸೆಷನ್ ತಾನಾಗೇ ಮುಗಿಯುತ್ತದೆ ಅಂತ ನಂಬಿ ಕೂರಬೇಡಿ, ಸೇವೆಯಿಂದ ಸೇವೆಗೆ ಇದು ಬೇರೆ. ಮೈಕ್ರೋಸಾಫ್ಟ್‌ನಲ್ಲಿ ಸೆಷನ್ ರದ್ದು ಮಾಡಿದ ಮೇಲೂ ಆಗಲೇ ಕೊಟ್ಟಿದ್ದ ಟೋಕನ್ ಸುಮಾರು ಒಂದು ಗಂಟೆ ಕೆಲಸ ಮಾಡುವುದುಂಟು. ಆ ಒಂದು ಗಂಟೆ ಲಾಗ್ ಮೇಲೆ ಕಣ್ಣಿಟ್ಟಿರಿ.

ಬ್ರೌಸರ್‌ನ ಮೂಲೆಯ ಆ ಪುಟ್ಟ ಚಿತ್ರ

ಲ್ಯಾಪ್‌ಟಾಪ್‌ಗೆ ಬಂದಾಗ ಆಂಟಿವೈರಸ್ ಓಡಿಸುವುದು ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ ಬ್ರೌಸರ್‌ನ ಮೇಲ್ತುದಿಯ ಪ್ರೊಫೈಲ್ ಚಿತ್ರ ನೋಡಿ. ಅದು ಕಂಪನಿ ಖಾತೆಯಾ, ಸಿಬ್ಬಂದಿಯ ಸ್ವಂತ ಖಾತೆಯಾ? ಸ್ವಂತ ಖಾತೆಯಾಗಿದ್ದು ಸಿಂಕ್ ಆನ್ ಇದ್ದರೆ, ಆಫೀಸಿನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್‌ಗಳೆಲ್ಲ ಮನೆಯ ಹಳೇ ಕಂಪ್ಯೂಟರಿಗೂ ಮಕ್ಕಳು ಆಟ ಆಡುವ ಟ್ಯಾಬ್‌ಗೂ ಹೋಗಿರುತ್ತವೆ. ಕಂಪನಿ ಲ್ಯಾಪ್‌ಟಾಪ್ ಎಷ್ಟೇ ಶುದ್ಧವಾಗಿದ್ದರೂ ಇದು ಸೋರುತ್ತದೆ.

ದೊಡ್ಡವರಿಗೂ ಇದು ಆಗಿದೆ. ಓಕ್ಟಾ ಕಂಪನಿಯ ಕೆಲಸವೇ ಲಾಗಿನ್ ಭದ್ರತೆ. 2023ರಲ್ಲಿ ಅದರ ಗ್ರಾಹಕ ಬೆಂಬಲ ವ್ಯವಸ್ಥೆಗೆ ಕನ್ನ ಬಿತ್ತು. ಉದ್ಯೋಗಿಯೊಬ್ಬರು ಕಂಪನಿ ಲ್ಯಾಪ್‌ಟಾಪ್‌ನ ಕ್ರೋಮ್‌ನಲ್ಲಿ ಸ್ವಂತ ಗೂಗಲ್ ಪ್ರೊಫೈಲ್ ತೆರೆದಿದ್ದರು, ಸರ್ವಿಸ್ ಅಕೌಂಟ್‌ನ (ವ್ಯಕ್ತಿಯ ಬದಲು ಸಾಫ್ಟ್‌ವೇರ್ ಬಳಸುವ ಖಾತೆ) ಪಾಸ್‌ವರ್ಡ್ ಅದರಲ್ಲಿ ಸೇವ್ ಆಗಿತ್ತು ಅಂತ ಕಂಪನಿಯೇ ಹೇಳಿತು. 2022ರಲ್ಲಿ ನೆಟ್‌ವರ್ಕ್ ಕಂಪನಿ ಸಿಸ್ಕೋದಲ್ಲೂ ಬೇರು ಇದೇ, ಸ್ವಂತ ಗೂಗಲ್ ಖಾತೆಯಲ್ಲಿ ಸಿಂಕ್ ಆಗಿದ್ದ ಪಾಸ್‌ವರ್ಡ್. ಅದೇ ವರ್ಷ ಪಾಸ್‌ವರ್ಡ್ ಕಾಯುವ ಕಂಪನಿ ಲಾಸ್ಟ್‌ಪಾಸ್‌ನ ಇಂಜಿನಿಯರ್ ಒಬ್ಬರ ಮನೆಯ ಕಂಪ್ಯೂಟರಿನಲ್ಲಿ ದೋಷವಿದ್ದ ಮೀಡಿಯಾ ಸಾಫ್ಟ್‌ವೇರ್ ಮೂಲಕ, ಟೈಪ್ ಮಾಡಿದ್ದೆಲ್ಲ ಬರೆದಿಟ್ಟುಕೊಳ್ಳುವ ಕೀಲಾಗರ್ ಹಾಕಿ ಮಾಸ್ಟರ್ ಪಾಸ್‌ವರ್ಡ್ ಕದ್ದರು. ಮೂರರಲ್ಲೂ ಸೋರಿದ್ದು ಕೆಲಸದ ಬದುಕೂ ಮನೆಯ ಬದುಕೂ ಸೇರುವ ಜಾಗದಲ್ಲಿ.

ಎಕ್ಸ್‌ಟೆನ್ಶನ್ ಪಟ್ಟಿಯನ್ನೂ ಒಮ್ಮೆ ನೋಡಿ. ಪಿಡಿಎಫ್ ಬದಲಿಸುವುದು, ಸ್ಕ್ರೀನ್‌ಶಾಟ್ ತೆಗೆಯುವುದು ಅಂತ ಹಾಕಿಕೊಂಡಿದ್ದಕ್ಕೆ "ಎಲ್ಲ ವೆಬ್‌ಸೈಟ್‌ಗಳ ಡೇಟಾ ಓದಬಹುದು" ಎನ್ನುವ ಅನುಮತಿ ಇದ್ದರೆ ಅದು ಮೇಲನ್ನೂ ಓದಬಹುದು. ಡಿಸ್ಕ್ ಎನ್‌ಕ್ರಿಪ್ಶನ್ ಆನ್ ಇದೆಯಾ ಅಂತ ಇದೇ ಸಮಯಕ್ಕೆ ನೋಡಿಬಿಡಿ. ಲ್ಯಾಪ್‌ಟಾಪ್ ಕಳೆದ ದಿನ ಅದು ಬೇಕಾಗುತ್ತದೆ.

ಖಾತೆ ಶುದ್ಧ, ಆದರೂ ಫೈಲ್ ಹೊರಗೆ

ಲಾಗಿನ್‌ಗಳೆಲ್ಲ ಸರಿ ಇದ್ದೂ ದರಪಟ್ಟಿ ಹೊರಗೆ ಹೋಗಿದ್ದರೆ ಆ ಫೈಲಿನ ಆಡಿಟ್ ಲಾಗ್ ತೆರೆಯಿರಿ. "ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು" ಎನ್ನುವ ಶೇರಿಂಗ್ ಯಾವತ್ತು ಶುರುವಾಯಿತು, ಹೆಸರಿಲ್ಲದ ಬಳಕೆದಾರರು ಯಾವಾಗ ತೆರೆದರು ಅನ್ನುವುದು ಅಲ್ಲಿ ಇರುತ್ತದೆ. ಇಲ್ಲವೇ ಸಿಬ್ಬಂದಿ ತಮ್ಮದೇ ಸ್ವಂತ ಮೇಲ್‌ಗೆ ಕಳಿಸಿಕೊಂಡಿದ್ದು ಮೆಸೇಜ್ ಟ್ರೇಸ್‌ನಲ್ಲಿ ಸಿಗುತ್ತದೆ.

ಇಲ್ಲಿ ಬಹಳ ಕಡೆ ತನಿಖೆ ನಿಲ್ಲುತ್ತದೆ. "ನಿಯಮ ಮುರಿದರು" ಅಂತ ಬರೆದು ಕಡತ ಮುಚ್ಚುತ್ತಾರೆ. ನನಗೆ ಇದು ಅರ್ಧ ಕೆಲಸ ಅನ್ನಿಸುತ್ತದೆ. ಯಾಕೆ ಕಳಿಸಿಕೊಂಡರು ಅಂತ ಕೇಳಿ. "ವಿಪಿಎನ್ ಕನೆಕ್ಟ್ ಆಗುತ್ತೆ, ಆದರೆ ಫೋಲ್ಡರ್ ತೆರೆಯಲ್ಲ" ಅನ್ನುವ ಉತ್ತರ ಬಂದರೆ ಅಸಲಿ ದೋಷ ನೆಟ್‌ವರ್ಕ್‌ನಲ್ಲಿದೆ, ಅಲ್ವಾ?

ಮೊದಲ ಅನುಮಾನ ವಿಳಾಸದ ಡಿಕ್ಕಿ. ಮನೆಯ ಎಷ್ಟೋ ರೂಟರ್‌ಗಳು 192.168.1 ರಿಂದ ಶುರುವಾಗುವ ವಿಳಾಸ ಕೊಡುತ್ತವೆ. ಆಫೀಸಿನ ಫೈಲ್ ಸರ್ವರ್ ಕೂಡ 192.168.1.20 ಅಂತ ಇದ್ದರೆ, ಲ್ಯಾಪ್‌ಟಾಪ್ ಅದನ್ನು ಮನೆಯೊಳಗೇ ಹುಡುಕುತ್ತದೆ, ವಿಪಿಎನ್ ಒಳಗೆ ಕಳಿಸುವುದೇ ಇಲ್ಲ. ಪರೀಕ್ಷೆ ಸುಲಭ. ಅದೇ ಲ್ಯಾಪ್‌ಟಾಪನ್ನು ಮೊಬೈಲ್ ಹಾಟ್‌ಸ್ಪಾಟ್‌ಗೆ ಸೇರಿಸಿ. ಐಫೋನ್ ಹಾಟ್‌ಸ್ಪಾಟ್ 172.20.10 ಸಾಲಿನ ವಿಳಾಸ ಕೊಡುತ್ತದೆ, ಡಿಕ್ಕಿ ಇರುವುದಿಲ್ಲ. ಫೋಲ್ಡರ್ ತೆರೆಯಿತಾ? ದೋಷ ಸಿಕ್ಕಿತು. ತಾತ್ಕಾಲಿಕವಾಗಿ ಮನೆಯ ರೂಟರ್‌ನ ಸಾಲು ಬದಲಿಸಿ. ಕಾಯಂ ಪರಿಹಾರ ಬೇಕಿದ್ದರೆ ಆಫೀಸನ್ನೇ 10 ರಿಂದ ಶುರುವಾಗುವ, ಯಾರೂ ಅಷ್ಟಾಗಿ ಬಳಸದ ಸಾಲಿಗೆ ಸರಿಸಬೇಕು.

ಫೋಲ್ಡರ್ ತೆರೆಯುತ್ತದೆ, ಸಣ್ಣ ಫೈಲ್ ಬರುತ್ತದೆ, ದೊಡ್ಡದು ಅರ್ಧಕ್ಕೆ ನಿಲ್ಲುತ್ತದೆ ಅಂದರೆ ಎಂಟಿಯು ನೋಡಿ, ಅಂದರೆ ಒಂದು ಪ್ಯಾಕೆಟ್ (ಡೇಟಾದ ಒಂದು ಕಟ್ಟು) ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ. ಮಾಮೂಲಿ ಈಥರ್ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್‌ವರೆಗೆ ಹೋಗುತ್ತದೆ. ವಿಪಿಎನ್ ತನ್ನ ಹೊದಿಕೆ ಸೇರಿಸುವುದರಿಂದ ಒಳಗೆ ಜಾಗ ಕಡಿಮೆ. ವೈರ್‌ಗಾರ್ಡ್ ಎನ್ನುವ ವಿಪಿಎನ್‌ನಲ್ಲಿ ಸಾಮಾನ್ಯವಾಗಿ 1420 ಇರುತ್ತದೆ. ಪ್ಯಾಕೆಟ್ ತುಂಡು ಮಾಡಬಾರದು ಎನ್ನುವ ಆಯ್ಕೆ ಹಾಕಿ ಆಫೀಸಿನ ಸರ್ವರಿಗೆ 1392 ಬೈಟ್‌ನ ಪಿಂಗ್ (ಉತ್ತರ ಬರುತ್ತದಾ ಅಂತ ನೋಡುವ ಪರೀಕ್ಷಾ ಪ್ಯಾಕೆಟ್) ಕಳಿಸಿ. ಹೆಡರ್‌ನ 28 ಸೇರಿದರೆ 1420 ಆಗುತ್ತದೆ. ಉತ್ತರ ಬರದಿದ್ದರೆ ಬರುವವರೆಗೆ ಇಳಿಸುತ್ತಾ ಹೋಗಿ. ಎಷ್ಟಕ್ಕೆ ಬಂತೋ ಅದಕ್ಕೆ 28 ಸೇರಿಸಿ ವಿಪಿಎನ್‌ನ ಎಂಟಿಯು ಮಾಡಿ. ಸರ್ವರ್ ಪಿಂಗ್‌ಗೆ ಉತ್ತರ ಕೊಡುವಂತಿರಬೇಕು, ಅದನ್ನು ಮೊದಲೇ ನೋಡಿಕೊಳ್ಳಿ.

ಫೋಲ್ಡರ್ ಸಲೀಸಾಗಿ ತೆರೆಯುವಂತಾದರೆ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಕಾದ ಅಗತ್ಯವೇ ಬೀಳುವುದಿಲ್ಲ. ಎಚ್ಚರಿಕೆಯ ಸುತ್ತೋಲೆಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

ಕೊನೆಗೆ ರೂಟರ್ ಮತ್ತು ತೆರೆದ ಪೋರ್ಟ್

ಮನೆಯ ರೂಟರ್‌ನಲ್ಲಿ ನೋಡುವುದು ಇಷ್ಟೇ: ಅಡ್ಮಿನ್ ಪಾಸ್‌ವರ್ಡ್ ಬದಲಾಗಿದೆಯಾ, ಫರ್ಮ್‌ವೇರ್ ಅಪ್‌ಡೇಟ್ ಆಗಿದೆಯಾ, ವೈಫೈ ಡಬ್ಲ್ಯೂಪಿಎ2 ಅಥವಾ 3ರಲ್ಲಿ ಇದೆಯಾ, ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ಐಪಿ ಹುಡುಕಿಕೊಡುವ ಸೇವೆ) ವಿಳಾಸವನ್ನು ಯಾರಾದರೂ ಬದಲಿಸಿದ್ದಾರಾ. ಜಾಸ್ತಿ ಅಪಾಯ ಇರುವುದು ಆಫೀಸಿನ ರೂಟರ್‌ನಲ್ಲಿ. "ಮನೆಯಿಂದ ಕನೆಕ್ಟ್ ಆಗಲಿ" ಅಂತ ಯಾರೋ ಯಾವತ್ತೋ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ ತೆರೆದಿಟ್ಟಿರುತ್ತಾರೆ. ಒಳಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಮೊಬೈಲ್ ಡೇಟಾದಿಂದ ಆಫೀಸಿನ ಹೊರ ಐಪಿಗೆ ಪ್ರಯತ್ನಿಸಿ. ತೆರೆದಿದ್ದರೆ ಮುಚ್ಚಿ, ವಿಪಿಎನ್ ಹಿಂದೆ ಹಾಕಿ.

ವಿಪಿಎನ್ ಬಳಕೆದಾರರ ಪಟ್ಟಿಯಲ್ಲಿ ಕೆಲಸ ಬಿಟ್ಟವರ ಹೆಸರು, ಪರೀಕ್ಷೆಗೆ ಮಾಡಿದ ಖಾತೆ ಇವೆಯಾ ನೋಡಿ. 2021ರ ಮೇನಲ್ಲಿ ಅಮೆರಿಕದ ಇಂಧನ ಸಾಗಿಸುವ ಕಲೋನಿಯಲ್ ಪೈಪ್‌ಲೈನ್‌ಗೆ ಕನ್ನ ಬಿದ್ದು ನಿಂತುಹೋದದ್ದು ಬಳಕೆಯಲ್ಲಿರದ ಒಂದು ವಿಪಿಎನ್ ಖಾತೆಯಿಂದ. ಅದಕ್ಕೆ ಪಾಸ್‌ವರ್ಡ್ ಬಿಟ್ಟರೆ ಎರಡನೇ ಹಂತ ಇರಲಿಲ್ಲ.

ಸರಿಯಾಯಿತಾ ಅಂತ ತಿಳಿಯುವುದು

ಹೊರಗಿನ ವಿಳಾಸದಿಂದ "ಇನ್‌ವಾಯ್ಸ್" ಅನ್ನುವ ಪದ ಹಾಕಿ ಒಂದು ಮೇಲ್ ಕಳಿಸಿ, ಇನ್‌ಬಾಕ್ಸ್‌ನಲ್ಲೇ ಉಳಿಯುತ್ತದಾ ನೋಡಿ. ಹಳೇ ಸೆಷನ್ ತೆರೆದಿದ್ದ ಫೋನ್ ಮತ್ತೆ ಲಾಗಿನ್ ಕೇಳುತ್ತದಾ ನೋಡಿ. ಕೇಳದಿದ್ದರೆ ಸೆಷನ್ ರದ್ದಾಗಿಲ್ಲ. ಕೆಲವು ದಿನ ಎರಡೂ ಟ್ಯಾಬ್‌ಗಳ ಲಾಗ್ ಓದಿ. ಅಕೌಂಟ್ಸ್, ಎಚ್‌ಆರ್, ಅಡ್ಮಿನ್ ಖಾತೆಗಳಿಗೆ ಪಾಸ್‌ಕೀ ಅಥವಾ ಭದ್ರತಾ ಕೀ (ಪಾಸ್‌ವರ್ಡ್ ಬದಲು ಫೋನ್ ಅಥವಾ ಪುಟ್ಟ ಸಾಧನದಲ್ಲಿ ಇರುವ ಡಿಜಿಟಲ್ ಕೀಲಿ) ಕೊಡಿಸಿ. ಅದು ಅಸಲಿ ವೆಬ್ ವಿಳಾಸಕ್ಕೆ ಮಾತ್ರ ಉತ್ತರ ಕೊಡುತ್ತದೆ, ನಕಲಿ ಪುಟದಲ್ಲಿ ಕೆಲಸವೇ ಮಾಡುವುದಿಲ್ಲ.

ವರದಿಯಲ್ಲಿ ಎರಡು ಸಮಯ ಬರೆಯಿರಿ: ಮೊದಲ ಅಪರಿಚಿತ ಲಾಗಿನ್, ಮತ್ತು ಕೊನೆಯ ಟೋಕನ್ ಸತ್ತ ಹೊತ್ತು. ನಡುವಿನ ಅವಧಿಯಲ್ಲಿ ಆ ಖಾತೆಗೆ ಕಾಣುತ್ತಿದ್ದ ಎಲ್ಲ ಮೇಲ್, ಎಲ್ಲ ಫೋಲ್ಡರ್ ಬೇರೆಯವರು ನೋಡಿದ್ದಾರೆ ಅಂತಲೇ ಲೆಕ್ಕ ಹಾಕಿ, ಲಾಗ್ ಬೇರೆ ಹೇಳದ ಹೊರತು. ಅದರಲ್ಲಿ ಜನರ ವೈಯಕ್ತಿಕ ಮಾಹಿತಿ ಇದ್ದರೆ ಕಾನೂನು ನೋಡಿಕೊಳ್ಳುವವರಿಗೆ ಮೊದಲ ದಿನವೇ ಹೇಳಿ. ಯುರೋಪಿಯನ್ ಒಕ್ಕೂಟದ ಡೇಟಾ ರಕ್ಷಣಾ ಕಾನೂನು ಜಿಡಿಪಿಆರ್ ಅಡಿಯಲ್ಲಿ ಪ್ರಾಧಿಕಾರಕ್ಕೆ ತಿಳಿಸಲು ಇರುವ 72 ಗಂಟೆಯ ಎಣಿಕೆ ಶುರುವಾಗುವುದು ಸೋರಿಕೆ ನಿಮ್ಮ ಗಮನಕ್ಕೆ ಬಂದ ಹೊತ್ತಿನಿಂದ. ತನಿಖೆ ಮುಗಿಯಲಿ ಅಂತ ಅದು ಕಾಯುವುದಿಲ್ಲ.